ಎಲ್ಲರೂ ಚಂದ್ರಶೇಖರರೇ: ಮಕ್ಕಳಿಗೆ ಬೇರ್ಪಡಿಸಿ ಹೇಳೋದು ಹೇಗೆ?

ಪ್ರಶ್ನೆ ಕೇಳಿದವರು: ಅರಸೀಕೆರೆ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಅರಸೀಕೆರೆ ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಪ್ರತಿ ವರ್ಷ ಮಕ್ಕಳ ಕೈಯಲ್ಲಿ ಚಾರ್ಟ್ ಮಾಡಿಸುತ್ತೇನೆ. ಒಬ್ಬೊಬ್ಬರಿಗೆ ಒಬ್ಬೊಬ್ಬ ವಿಜ್ಞಾನಿ. ಈ ಸಲ ಎಂಟನೇ ತರಗತಿಯಲ್ಲಿ ಇಬ್ಬರು ಚಂದ್ರಶೇಖರರಿದ್ದಾರೆ. ಹಾಜರಿ ಪುಸ್ತಕದಲ್ಲಿ ಒಬ್ಬ ಚಂದ್ರಶೇಖರ ಕೆ., ಇನ್ನೊಬ್ಬ ಚಂದ್ರಶೇಖರ ಎಂ. ನಾವು ಕರೆಯೋದು ಕೆ. ಚಂದ್ರು, ಎಂ. ಚಂದ್ರು ಅಂತ. ಕೆ. ಚಂದ್ರುಗೆ, "ನಿನ್ನ ಹೆಸರಿನವರೇ ಒಬ್ಬರು ನೊಬೆಲ್ ತಗೊಂಡಿದ್ದಾರೆ ಕಣೋ. ಎಸ್. ಚಂದ್ರಶೇಖರ್. ಅವರ ಬಗ್ಗೆ ಬರಿ" ಎಂದೆ. ಹುಡುಗನ ಮುಖ ಅರಳಿತು.

ನಾಲ್ಕು ದಿನ ಬಿಟ್ಟು ಚಾರ್ಟ್ ತಂದ. ಅಕ್ಷರ ಮುತ್ತಿನ ಹಾಗಿದೆ. 1910ರಲ್ಲಿ ಲಾಹೋರಿನಲ್ಲಿ ಜನನ, 1983ರಲ್ಲಿ ಭೌತವಿಜ್ಞಾನದ ನೊಬೆಲ್, ಎಲ್ಲ ಸರಿ. ಆದರೆ ನಡುವೆ ಅಂಟಿಸಿದ ಫೋಟೋ ನೋಡಿ ಕುರ್ಚಿಯಿಂದ ಎದ್ದೇ ಬಿಟ್ಟೆ. ಬಿಳಿ ಪ್ಯಾಂಟು, ಬಿಳಿ ಅಂಗಿ, ತೋಳಿನ ಗುಂಡಿ ಮಣಿಕಟ್ಟಿನ ತನಕ ಹಾಕಿದೆ, ಬೌಲಿಂಗ್ ಮಾಡಲು ಕೈ ಎತ್ತಿದ್ದಾರೆ. ನಮ್ಮ ಮೈಸೂರಿನ ಬಿ.ಎಸ್. ಚಂದ್ರಶೇಖರ್! ಅದರ ಕೆಳಗೆ ಇನ್ನೊಂದು ಸಾಲು: "ಇವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ದ್ರವ ಸ್ಫಟಿಕಗಳ ಬಗ್ಗೆ ಸಂಶೋಧನೆ ಮಾಡಿದರು." ಅವರು ಮೂರನೆಯವರು. ಒಂದೇ ಚಾರ್ಟಿನಲ್ಲಿ ಮೂರು ಜನ ಸೇರಿ ಒಬ್ಬರಾಗಿದ್ದಾರೆ.

ಅವನನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಯಾಕೆಂದರೆ ತಪ್ಪು ಅವನದಲ್ಲ. ನೊಬೆಲ್ ಪಡೆದವರ ಪೂರ್ತಿ ಹೆಸರು ಸುಬ್ರಹ್ಮಣ್ಯನ್ ಚಂದ್ರಶೇಖರ್. ಬೌಲರ್ ಹೆಸರು ಭಾಗವತ್ ಸುಬ್ರಹ್ಮಣ್ಯ ಚಂದ್ರಶೇಖರ್. ಹದಿಮೂರು ವರ್ಷದ ಹುಡುಗ ಮೊಬೈಲಿನಲ್ಲಿ ಹುಡುಕಿದರೆ ಯಾರ ಫೋಟೋ ಬೇಕಾದರೂ ಸಿಗುತ್ತದೆ, ಅಲ್ವಾ? ಅದೂ ಅಲ್ಲದೆ ಇಬ್ಬರನ್ನೂ ಜಗತ್ತು ಕರೆದದ್ದು "ಚಂದ್ರ" ಎಂದೇ.

ಅಷ್ಟರಲ್ಲಿ ಎಂ. ಚಂದ್ರು ಎದ್ದು ನಿಂತ. "ಸರ್, ನಮ್ಮ ಹೆಸರಿನವರು ಪ್ರಧಾನಿನೂ ಆಗಿದ್ರಂತೆ, ನಮ್ಮ ತಾತ ಹೇಳ್ತಾರೆ." ಅದೂ ನಿಜ. ಉತ್ತರ ಪ್ರದೇಶದ ಬಲಿಯಾ ಜಿಲ್ಲೆಯ ಚಂದ್ರಶೇಖರ್, 1990ರ ನವೆಂಬರಿನಿಂದ 1991ರ ಜೂನ್ ತನಕ. ಇನ್ನೊಬ್ಬ ಹುಡುಗಿ ಚಂದ್ರಶೇಖರ ಆಜಾದ್ ಎಂದಳು. ಆಗ ನನಗೆ ಅನ್ನಿಸಿತು, ಈ ವರ್ಷ ಹಿಂದಿನ ಗೋಡೆ ಪೂರ್ತಿ ಒಂದೇ ಹೆಸರಿಗೆ ಕೊಟ್ಟುಬಿಡೋಣ. ನಡುವೆ "ಚಂದ್ರಶೇಖರ" ಎಂದು ದೊಡ್ಡದಾಗಿ ಬರೆದು, ಸುತ್ತ ಬೇರೆ ಬೇರೆ ಕ್ಷೇತ್ರದ ಚಂದ್ರಶೇಖರರನ್ನು ಕೂರಿಸೋಣ.

ನಿಮ್ಮಿಂದ ನನಗೆ ಬೇಕಾದದ್ದು ಇಷ್ಟು. ಪ್ರತಿಯೊಬ್ಬರ ಬಗ್ಗೆ ಮಕ್ಕಳ ಮನಸ್ಸಿನಲ್ಲಿ ಕೂರುವ ಒಂದು ಸಂಗತಿ ಹೇಳಿ. ಹುಟ್ಟಿದ ತಾರೀಖು, ಪ್ರಶಸ್ತಿಗಳ ಸಾಲು ಅವರು ಮಾರನೇ ದಿನ ಮರೆಯುತ್ತಾರೆ. ಎರಡನೆಯದು, ಹೆಣ್ಣುಮಕ್ಕಳು ಬೇಜಾರು ಮಾಡಿಕೊಂಡಿದ್ದಾರೆ. ತರಗತಿಯಲ್ಲಿ ಕಮಲಾ ಎಂಬ ಹುಡುಗಿ ಇದ್ದಾಳೆ, ಅಜ್ಜಿಯ ಹೆಸರು ಇಟ್ಟಿದ್ದಾರೆ. "ನನ್ನ ಹೆಸರಿನವರು ಯಾರೂ ಇಲ್ವಾ ಸರ್?" ಎಂದು ಕೇಳಿದಳು. ತಕ್ಷಣ ಉತ್ತರ ಹೊಳೆಯಲಿಲ್ಲ. ಅದು ನನ್ನನ್ನು ಮನೆ ತನಕ ಕಾಡಿತು.

ಉತ್ತರ: ರೇಡಿಯೊ ಕಾಲದ ಕ್ರಿಕೆಟ್ ಪ್ರೇಮಿ

ಮೇಷ್ಟ್ರೇ, ಬೌಲರ್ ಚಂದ್ರ ಅವರ ಬಗ್ಗೆ ನಾನು ಹೇಳುತ್ತೇನೆ. ನನಗೆ ಆಗ ಹತ್ತು ವರ್ಷ. ಮನೆಯಲ್ಲಿ ಮರದ ಪೆಟ್ಟಿಗೆಯ ದೊಡ್ಡ ರೇಡಿಯೊ. 1971ರ ಆಗಸ್ಟಿನಲ್ಲಿ ಓವಲ್ ಟೆಸ್ಟು. ಅಪ್ಪ, ಚಿಕ್ಕಪ್ಪ, ಪಕ್ಕದ ಮನೆಯವರು ಎಲ್ಲ ಅದರ ಸುತ್ತ. ಇಂಗ್ಲೆಂಡ್ ಎರಡನೇ ಇನಿಂಗ್ಸಿನಲ್ಲಿ 101ಕ್ಕೆ ಆಲೌಟ್. ಚಂದ್ರ 38 ರನ್ ಕೊಟ್ಟು 6 ವಿಕೆಟ್. ಇಂಗ್ಲೆಂಡಿನ ನೆಲದಲ್ಲಿ ನಾವು ಗೆದ್ದ ಮೊದಲ ಟೆಸ್ಟು ಅದು, ಸರಣಿಯೂ ನಮ್ಮದಾಯಿತು.

ಮಕ್ಕಳಿಗೆ ಹೇಳಲು ಎರಡು ಸಂಗತಿ ಕೊಡುತ್ತೇನೆ. ಗೆದ್ದ ದಿನ, ಆಗಸ್ಟ್ 24, ಗಣೇಶನ ಹಬ್ಬ. ಅಲ್ಲಿದ್ದ ನಮ್ಮವರು ಲಂಡನ್ ಹತ್ತಿರದ ಮೃಗಾಲಯದಿಂದ ಬೆಲ್ಲಾ ಎಂಬ ಆನೆಯನ್ನು ಮೈದಾನಕ್ಕೆ ಕರೆತಂದಿದ್ದರು. ಇದನ್ನು ಕೇಳಿದ ಮೇಲೆ ಯಾವ ಮಗು ಓವಲ್ ಟೆಸ್ಟನ್ನು ಮರೆಯುತ್ತದೆ ಹೇಳಿ.

ಇನ್ನೊಂದು ಅವರ ಕೈ. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಬಲಗೈ ಸಣಕಲಾಗಿತ್ತು. ಫೀಲ್ಡಿಂಗ್ ಮಾಡುವಾಗ ಚೆಂಡನ್ನು ಎಡಗೈಯಲ್ಲೇ ಎಸೆಯುತ್ತಿದ್ದರು. ಬೌಲಿಂಗಿಗೆ ಮಾತ್ರ ಆ ಬಲಗೈ. ಸ್ಪಿನ್ನರ್ ಅಂದರೆ ಚೆಂಡು ತೇಲಿ ಬರಬೇಕು ಎಂದು ನಾವು ತಿಳಿದಿದ್ದೆವು. ಇವರದು ವೇಗದ ಬೌಲರಿಗೆ ಹತ್ತಿರ ಹತ್ತಿರ. ಲೆಗ್‌ಬ್ರೇಕೋ ಗೂಗ್ಲಿಯೋ ಗೊತ್ತಾಗುವಷ್ಟರಲ್ಲಿ ಸ್ಟಂಪು ಹಾರಿರುತ್ತಿತ್ತು. ಅವರ ಅತಿ ವೇಗದ ಚೆಂಡಿಗೆ ತಂಡದವರು ಆ ವರ್ಷ ಡರ್ಬಿ ಗೆದ್ದ ಮಿಲ್ ರೀಫ್ ಕುದುರೆಯ ಹೆಸರನ್ನೇ ಇಟ್ಟಿದ್ದರು.

58 ಟೆಸ್ಟು, 242 ವಿಕೆಟ್. ಬ್ಯಾಟಿಂಗಿನಲ್ಲಿ ಒಟ್ಟು 167 ರನ್. ಹೊಡೆದ ರನ್ನಿಗಿಂತ ತೆಗೆದ ವಿಕೆಟ್ ಜಾಸ್ತಿ. ಗಣಿತದ ಮೇಷ್ಟ್ರಿಗೂ ಈ ಲೆಕ್ಕ ಕೊಡಿ.

ಒಂದು ಕೋರಿಕೆ. ಕೆ. ಚಂದ್ರು ಅಂಟಿಸಿದ ಆ ಫೋಟೋ ದಯವಿಟ್ಟು ಕಿತ್ತು ಬಿಸಾಡಬೇಡಿ. ಗೋಡೆಯಲ್ಲಿ ಅದಕ್ಕೊಂದು ಜಾಗ ಕೊಡಿ.

ಉತ್ತರ: ಗಂಗೋತ್ರಿಯ ಹಳೆ ವಿದ್ಯಾರ್ಥಿನಿ

ಮೇಷ್ಟ್ರೇ, ನಿಮ್ಮ ಹುಡುಗ ಬರೆದ ಆ ದ್ರವ ಸ್ಫಟಿಕದ ಸಾಲು ಓದಿ ನನಗೆ ಖುಷಿಯಾಯಿತು. ತಪ್ಪು ಜಾಗದಲ್ಲಾದರೂ ಅವರ ಹೆಸರು ಬಂತಲ್ಲ. ನಾನು ಮಾನಸಗಂಗೋತ್ರಿಯಲ್ಲಿ ಭೌತವಿಜ್ಞಾನ ಓದಿ, ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಮಾಡಿದವಳು. ಆ ವಿಭಾಗದ ಮೊದಲ ಮುಖ್ಯಸ್ಥರೇ ಈ ಚಂದ್ರಶೇಖರ್. ಶಿವರಾಮಕೃಷ್ಣ ಚಂದ್ರಶೇಖರ್. ನಾನು ಸೇರುವ ಹೊತ್ತಿಗೆ ಅವರು ಬೆಂಗಳೂರಿಗೆ ಹೋಗಿಯಾಗಿತ್ತು. ಅದು ನನ್ನ ಜೀವನದ ಒಂದು ಕೊರಗು.

ಈ ಇಬ್ಬರು ವಿಜ್ಞಾನಿಗಳನ್ನು ಬೇರ್ಪಡಿಸೋದು ನಿಜಕ್ಕೂ ಕಷ್ಟ. ಇಬ್ಬರೂ ಎಸ್. ಚಂದ್ರಶೇಖರ್. ಇಬ್ಬರೂ ಭೌತವಿಜ್ಞಾನಿಗಳು. ಇಬ್ಬರೂ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋಗಳು. ಅಷ್ಟೇ ಅಲ್ಲ, ಇಬ್ಬರೂ ಸಿ.ವಿ. ರಾಮನ್ ಅವರಿಗೆ ಹತ್ತಿರದ ಸಂಬಂಧಿಕರು! ನೊಬೆಲ್ ಪಡೆದವರು ರಾಮನ್ ಅವರ ಅಣ್ಣನ ಮಗ. ಬೆಂಗಳೂರಿನವರು ರಾಮನ್ ಅವರ ಸೋದರಿಯ ಮಗ. ನಮ್ಮ ಇಂಗ್ಲಿಷ್ ಪುಸ್ತಕಗಳು ಇಬ್ಬರಿಗೂ ಒಂದೇ ಪದ ಹಾಕುತ್ತವೆ. ಕನ್ನಡದಲ್ಲಿ ಅಣ್ಣನ ಮಗ, ಸೋದರಳಿಯ ಎಂದು ಬೇರೆ ಬೇರೆ ಹೇಳಿಬಿಟ್ಟರೆ ಅರ್ಧ ಗೊಂದಲ ಅಲ್ಲೇ ಮುಗಿಯಿತು.

ಹೆಸರು ಯಾಕೆ ಒಂದೇ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ರಾಮನ್ ಅವರ ಪೂರ್ತಿ ಹೆಸರು ನೋಡಿ: ಚಂದ್ರಶೇಖರ ವೆಂಕಟ ರಾಮನ್. ಆ "ಸಿ" ಅವರ ತಂದೆ ಚಂದ್ರಶೇಖರ ಅಯ್ಯರ್ ಅವರದು. ಮೊಮ್ಮಕ್ಕಳಲ್ಲಿ ಒಬ್ಬರಿಗೆ ಅದು ಅಪ್ಪನ ಅಪ್ಪನ ಹೆಸರು, ಇನ್ನೊಬ್ಬರಿಗೆ ಅಮ್ಮನ ಅಪ್ಪನ ಹೆಸರು. ನಿಮ್ಮ ತರಗತಿಯ ಕಮಲಾಗೆ ಅಜ್ಜಿಯ ಹೆಸರು ಬಂದ ಹಾಗೆಯೇ. ವಿಜ್ಞಾನ ದಿನ ಇರುವುದು ರಾಮನ್ ಪರಿಣಾಮಕ್ಕೆ, 1928ರ ಫೆಬ್ರವರಿ 28ಕ್ಕೆ. ಅಂದರೆ ನಿಮ್ಮ ಗೋಡೆಯ ನಡುವೆ ಇರಬೇಕಾದವರು ಆ ತಾತ ಚಂದ್ರಶೇಖರ ಅಯ್ಯರ್ ಅವರೇ ಎಂದು ನನಗೆ ಅನ್ನಿಸುತ್ತದೆ.

ಈಗ ಒಬ್ಬೊಬ್ಬರ ಕೆಲಸ. ಸುಬ್ರಹ್ಮಣ್ಯನ್ ಅವರದು ಹಡಗಿನ ಕಥೆ. 1930ರಲ್ಲಿ, ಹತ್ತೊಂಬತ್ತು ವರ್ಷದ ಹುಡುಗ ಓದಲು ಇಂಗ್ಲೆಂಡಿಗೆ ಹಡಗು ಹತ್ತಿದ. ದಾರಿಯಲ್ಲಿ ಸುಮ್ನೆ ಕೂರದೆ ಲೆಕ್ಕ ಹಾಕಿದ. ಉರಿದು ಮುಗಿದ ನಕ್ಷತ್ರ ಕುಗ್ಗಿ ಶ್ವೇತ ಕುಬ್ಜ ಆಗುತ್ತದಲ್ಲ, ಅದಕ್ಕೂ ಒಂದು ಮಿತಿ ಇದೆ ಎಂದು ಕಂಡುಕೊಂಡ. ಸೂರ್ಯನ ತೂಕದ ಸುಮಾರು 1.4 ಪಟ್ಟು. ಅದಕ್ಕಿಂತ ಜಾಸ್ತಿಯಾದರೆ ತನ್ನ ಭಾರ ತಾನೇ ತಡೆಯಲಾರದೆ ಕುಸಿಯುತ್ತದೆ. 1935ರಲ್ಲಿ ಲಂಡನ್ನಿನ ಸಭೆಯಲ್ಲಿ ಎಡಿಂಗ್ಟನ್ ಎಂಬ ದೊಡ್ಡ ಖಗೋಳ ವಿಜ್ಞಾನಿ ಎಲ್ಲರೆದುರು ಇದನ್ನು ತಳ್ಳಿಹಾಕಿದರು. ನೊಬೆಲ್ ಬಂದದ್ದು 1983ರಲ್ಲಿ. ಹಡಗಿನ ಲೆಕ್ಕಕ್ಕೆ ಐವತ್ತಮೂರು ವರ್ಷ ತುಂಬಿತ್ತು.

ಶಿವರಾಮಕೃಷ್ಣ ಅವರದು ನಿಮ್ಮ ತರಗತಿಯಲ್ಲೇ ತೋರಿಸಬಹುದಾದ ಕೆಲಸ. ಅಂಗಡಿಯವರ ಹತ್ತಿರ ಇರುವ ಕ್ಯಾಲ್ಕುಲೇಟರ್ ತನ್ನಿ. ಅದರಲ್ಲಿ ಕಾಣುವ ಕಪ್ಪು ಅಂಕಿಗಳು ದ್ರವ ಸ್ಫಟಿಕದ್ದು. ನೀರಿನ ಹಾಗೆ ಹರಿಯುತ್ತದೆ, ಆದರೆ ಒಳಗಿನ ಅಣುಗಳು ಹರಳಿನ ಹಾಗೆ ಒಂದು ಶಿಸ್ತಿನಲ್ಲಿ ನಿಂತಿರುತ್ತವೆ. ಮಕ್ಕಳ ಕೈಗೆ ಕೊಟ್ಟು ನೇರವಾಗಿ ನೋಡಲು ಹೇಳಿ, ಆಮೇಲೆ ಓರೆ ಮಾಡಿ ನೋಡಲು ಹೇಳಿ. ಅಂಕಿ ಮಸುಕಾಗುತ್ತದೆ. ಮೊದಲು ಎಲ್ಲರೂ ತಿಳಿದಿದ್ದದ್ದು, ಕಡ್ಡಿಯ ಆಕಾರದ ಅಣುಗಳಿಂದ ಮಾತ್ರ ದ್ರವ ಸ್ಫಟಿಕ ಆಗುತ್ತದೆ ಎಂದು. 1977ರಲ್ಲಿ ಇವರು, ಸದಾಶಿವ ಮತ್ತು ಸುರೇಶ್ ಅವರ ಜೊತೆ ಸೇರಿ, ಬಿಲ್ಲೆಯ ಆಕಾರದ ಅಣುಗಳಿಂದಲೂ ಆಗುತ್ತದೆ ಎಂದು ತೋರಿಸಿಕೊಟ್ಟರು. ಒಂದು ರೂಪಾಯಿ ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿ ಕಂಬ ಮಾಡಿ, ಅಂಥ ನಾಲ್ಕಾರು ಕಂಬ ಪಕ್ಕ ಪಕ್ಕ ನಿಲ್ಲಿಸಿ. ಹೆಚ್ಚು ಕಡಿಮೆ ಹಾಗೆಯೇ ಇರುತ್ತದೆ ಅದು. ಎಲ್‌ಸಿಡಿ ಪರದೆಯನ್ನು ಓರೆಯಿಂದ ನೋಡಿದರೂ ಚೆನ್ನಾಗಿ ಕಾಣುವ ಹಾಗೆ ಮಾಡಲು ಒಂದು ತೆಳು ಹಾಳೆ ಹಾಕುತ್ತಿದ್ದರಲ್ಲ, ಅದರಲ್ಲಿ ಬಳಸಿದ್ದು ಈ ಬಿಲ್ಲೆ ಅಣುಗಳನ್ನೇ.

ಒಬ್ಬರು ನಮಗೆ ಮುಟ್ಟಲಾಗದಷ್ಟು ದೂರದ್ದನ್ನು ನೋಡಿದರು, ಇನ್ನೊಬ್ಬರು ಬೆರಳ ತುದಿಯಲ್ಲಿ ಇರುವುದನ್ನು. ನಮ್ಮ ಊರಿನಲ್ಲೇ ಕೆಲಸ ಮಾಡಿದ ಇವರನ್ನು ನಮ್ಮವರೇ ಮರೆತಿದ್ದಾರೆ ಎಂಬ ನೋವು ನನಗಿದೆ. ಗೋಡೆಯಲ್ಲಿ ಇಬ್ಬರಿಗೂ ಒಂದೇ ಅಳತೆಯ ಜಾಗ ಕೊಡಿ.

ಉತ್ತರ: ಗೋಕಾಕದ ಓದುಗ

ಸರ್, ನಮ್ಮ ಕಡೆಯ ಇಬ್ಬರನ್ನು ಬಿಟ್ಟಿದ್ದೀರಿ! ಚಂದ್ರಶೇಖರ ಕಂಬಾರ, ಚಂದ್ರಶೇಖರ ಪಾಟೀಲ. ಇಬ್ಬರೂ ಕವಿಗಳು, ಇಬ್ಬರೂ ನಾಟಕಕಾರರು, ಇಬ್ಬರೂ ಉತ್ತರ ಕರ್ನಾಟಕದವರು. ಕಂಬಾರರು ಬೆಳಗಾವಿ ಜಿಲ್ಲೆಯ ಘೋಡಗೇರಿಯವರು, 1937ರಲ್ಲಿ ಹುಟ್ಟಿದ್ದು. ಪಾಟೀಲರು ಹಾವೇರಿ ಜಿಲ್ಲೆಯ ಹತ್ತಿಮತ್ತೂರಿನವರು, 1939. ಆದರೂ ಯಾರೂ ಇವರನ್ನು ಅದಲು ಬದಲು ಮಾಡುವುದಿಲ್ಲ. ಯಾಕೆ ಹೇಳಿ? ನಮ್ಮ ಕಡೆ ಅಡ್ಡಹೆಸರು ಹೆಸರಿನ ಹಿಂದೆಯೇ ಬರುತ್ತದೆ. ಒಬ್ಬರದು ಕಂಬಾರ, ಕುಲುಮೆಯ ಕಸುಬು. ಇನ್ನೊಬ್ಬರದು ಪಾಟೀಲ, ಊರಗೌಡಿಕೆ. ಹೆಸರು ಕೇಳಿದ ಕೂಡಲೇ ಮನೆ ಗೊತ್ತಾಗುತ್ತದೆ. ನಿಮ್ಮ ಹಳೆ ಮೈಸೂರಿನ ಕಡೆ ಮುಂದೆ ಒಂದೆರಡು ಇನಿಷಿಯಲ್ ಹಾಕಿ ಮುಗಿಸುತ್ತೀರಿ. ಅದು ಬಿಡಿಸಿ ಹೇಳುವ ತನಕ ಗುಟ್ಟು. ನಿಮ್ಮ ಹುಡುಗನಿಗೆ ಆದ ಗೊಂದಲ ಅಲ್ಲಿಂದಲೇ ಶುರು.

ಪಾಟೀಲರಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಚಂಪಾ ಆದರು. ಧಾರವಾಡದಲ್ಲಿ ಇಂಗ್ಲಿಷ್ ಕಲಿಸುತ್ತಾ ಕನ್ನಡಕ್ಕಾಗಿ ಬೀದಿಗಿಳಿದವರು, ಗೋಕಾಕ್ ಚಳವಳಿಯ ದೊಡ್ಡ ದನಿ. ಕಂಬಾರರ ಬಗ್ಗೆ ಮಕ್ಕಳಿಗೆ ಜ್ಞಾನಪೀಠ ಎಂದು ಹೇಳಿದರೆ ಸಾಲದು. ಅವರು ತಮ್ಮ ಪದ್ಯಗಳನ್ನು ತಾವೇ ಹಾಡುತ್ತಾರೆ, ಅದನ್ನು ಕೇಳಿಸಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯೂ ಅವರೇ.

ಇನ್ನು ಪ್ರಧಾನಿಯಾಗಿದ್ದ ಚಂದ್ರಶೇಖರ್. ಅವರು 1983ರಲ್ಲಿ ಕನ್ಯಾಕುಮಾರಿಯಿಂದ ದೆಹಲಿಯ ರಾಜಘಾಟ್ ತನಕ ನಡೆದೇ ಹೋದರು. ನಾಲ್ಕು ಸಾವಿರ ಕಿಲೋಮೀಟರಿಗಿಂತ ಜಾಸ್ತಿ, ಜನವರಿಯಿಂದ ಜೂನ್ ತನಕ. ಮೇಲೆ ಮೇಡಂ ಹೇಳಿದ ನೊಬೆಲ್ ವರ್ಷವೂ ಅದೇ ನೋಡಿ.

ಉತ್ತರ: ಮಂಗಳೂರಿನ ಕಮಲಾ

ಮೇಷ್ಟ್ರೇ, ನನ್ನ ಹೆಸರೂ ಕಮಲಾ. ಚಿಕ್ಕವಳಿದ್ದಾಗ ಇದು ಅಜ್ಜಿಯರ ಹೆಸರು ಎಂದು ಅಳುತ್ತಿದ್ದೆ. ಆ ಹುಡುಗಿಗೆ ಮೊದಲು ಹೇಳಬೇಕಾದ ಹೆಸರು ಕಮಲಾ ಸೊಹೋನಿ. ಅದೂ ನಿಮ್ಮ ವಿಜ್ಞಾನ ದಿನಕ್ಕೇ ಹೇಳಬೇಕು.

ಅವರು ಹುಟ್ಟಿದ್ದು 1911ರಲ್ಲಿ, ತವರಿನ ಹೆಸರು ಭಾಗವತ್. ಮುಂಬೈಯಲ್ಲಿ ಬಿ.ಎಸ್ಸಿ ಮುಗಿಸಿ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಆಗ ಅಲ್ಲಿ ನಿರ್ದೇಶಕರು ಸಿ.ವಿ. ರಾಮನ್. ಹೆಣ್ಣುಮಗಳು ಎಂಬ ಕಾರಣಕ್ಕೆ ಸೇರಿಸಿಕೊಳ್ಳಲಿಲ್ಲ. ಕಮಲಾ ಬಿಡಲಿಲ್ಲ, ಹೋಗಿ ಎದುರು ನಿಂತು ಕೇಳಿದರು. ಕೊನೆಗೆ ಒಂದು ವರ್ಷ ಪರೀಕ್ಷೆಯ ಮೇಲೆ ಇಟ್ಟುಕೊಂಡರು. ಕೆಲಸ ಒಪ್ಪಿಗೆಯಾದರೆ ಮಾತ್ರ ಮುಂದಿನ ಮಾತು ಎಂಬ ಷರತ್ತು. ಅವರ ಕೆಲಸ ನೋಡಿದ ಮೇಲೆ ರಾಮನ್ ಮನಸ್ಸು ಬದಲಾಯಿಸಿ ಬೇರೆ ಹೆಣ್ಣುಮಕ್ಕಳಿಗೂ ಬಾಗಿಲು ತೆರೆದರು. ಮುಂದೆ ಕಮಲಾ ಕೇಂಬ್ರಿಜ್‌ಗೆ ಹೋಗಿ 1939ರಲ್ಲಿ ಪಿಎಚ್‌ಡಿ ಪಡೆದರು. ವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿದ ಮೊದಲ ಭಾರತೀಯ ಮಹಿಳೆಯರಲ್ಲಿ ಒಬ್ಬರು. ಆಮೇಲೆ ಬೇಳೆಕಾಳು, ನೀರಾ ಇವುಗಳ ಪೋಷಕಾಂಶದ ಮೇಲೆ ಕೆಲಸ ಮಾಡಿದರು. ಬಡವರ ತಟ್ಟೆಯ ವಿಜ್ಞಾನ.

ರಾಮನ್ ಅವರ ದಿನದಂದೇ ಇದನ್ನು ಹೇಳೋದು ಹೇಗೆ ಎಂದು ಹಿಂಜರಿಯಬೇಡಿ. ದೊಡ್ಡವರೂ ತಪ್ಪು ಮಾಡಿದ್ದರು, ಒಬ್ಬ ಹುಡುಗಿ ಅದನ್ನು ತಿದ್ದಿದಳು ಎಂದು ಮಕ್ಕಳಿಗೆ ಗೊತ್ತಾಗಲಿ.

ನಮ್ಮ ಊರಿನವರನ್ನೂ ಹೇಳದೆ ಬಿಡಲಾರೆ. ಕಮಲಾದೇವಿ ಚಟ್ಟೋಪಾಧ್ಯಾಯ ಹುಟ್ಟಿದ್ದು 1903ರಲ್ಲಿ, ಇದೇ ಮಂಗಳೂರಿನಲ್ಲಿ. 1930ರ ಉಪ್ಪಿನ ಸತ್ಯಾಗ್ರಹಕ್ಕೆ ಇಳಿದವರು. ಸ್ವಾತಂತ್ರ್ಯ ಬಂದ ಮೇಲೆ ನೇಕಾರರು, ಕುಂಬಾರರು, ಬುಟ್ಟಿ ಹೆಣೆಯುವವರ ಕಸುಬು ಉಳಿಸಲು ದೇಶವೆಲ್ಲ ತಿರುಗಿದರು. ಮೂರನೆಯವರು ಕಮಲಾ ಹಂಪನಾ. ದೇವನಹಳ್ಳಿಯವರು, ಹಳಗನ್ನಡದ ವಿದ್ವಾಂಸೆ, 2003ರ ಮೂಡುಬಿದಿರೆ ಸಾಹಿತ್ಯ ಸಮ್ಮೇಳನದ ಅಧ್ಯಕ್ಷೆ. ಒಬ್ಬರು ಪ್ರಯೋಗಾಲಯ, ಒಬ್ಬರು ಮಗ್ಗ, ಒಬ್ಬರು ತಾಳೆಗರಿ. ಆ ಹುಡುಗಿಗೆ ನನ್ನ ಕಡೆಯಿಂದ ಹೇಳಿ, ಅಜ್ಜಿಯ ಹೆಸರು ತುಂಬಾ ಚೆನ್ನಾಗಿದೆ ಅಂತ.

ಉತ್ತರ: ಸಾಗರದವನು

ಒಂದೇ ಮಾತು ಸೇರಿಸುತ್ತೇನೆ. ಪ್ರಸನ್ನ ಎಂಬ ಮಕ್ಕಳಿದ್ದರೆ ಬಿಡಬೇಡಿ. ಒಬ್ಬರು ಇ.ಎ.ಎಸ್. ಪ್ರಸನ್ನ, ಚಂದ್ರ ಅವರ ಜೊತೆಗಾರ, 189 ಟೆಸ್ಟ್ ವಿಕೆಟ್. ಎಂಜಿನಿಯರಿಂಗ್ ಮುಗಿಸಲು ನಡುವೆ ವರ್ಷಗಟ್ಟಲೆ ಟೆಸ್ಟ್ ಕ್ರಿಕೆಟ್ ಬಿಟ್ಟಿದ್ದರು. ಇನ್ನೊಬ್ಬರು ನಮ್ಮ ಹೆಗ್ಗೋಡಿನ ರಂಗಕರ್ಮಿ ಪ್ರಸನ್ನ. "ಸಮುದಾಯ" ಎಂಬ ನಾಟಕ ತಂಡ ಕಟ್ಟಿದವರು, ಆಮೇಲೆ ಇಲ್ಲಿನ ಹೆಣ್ಣುಮಕ್ಕಳ ಜೊತೆ "ಚರಕ" ಎಂಬ ಕೈಮಗ್ಗದ ಸಹಕಾರ ಸಂಘ ಕಟ್ಟಿದರು. ನಾನು ಹಾಕುವ ಜುಬ್ಬಾ ಅಲ್ಲಿಯದೇ.

ಮರಳಿ ಬರೆದವರು: ಅರಸೀಕೆರೆ ಮೇಷ್ಟ್ರು

ಎಲ್ಲರಿಗೂ ಕೈಮುಗಿಯುತ್ತೇನೆ. ಇಷ್ಟು ಸಿಗುತ್ತದೆ ಎಂದು ಅಂದುಕೊಂಡಿರಲಿಲ್ಲ. ನಾನೂ ಒಬ್ಬರನ್ನು ಸೇರಿಸಿದ್ದೇನೆ. ಒಡಿಶಾದ ಖಂಡಪಡದ ಸಾಮಂತ ಚಂದ್ರಶೇಖರ್, 1835ರಲ್ಲಿ ಹುಟ್ಟಿದವರು. ದೂರದರ್ಶಕ ಇಲ್ಲದೆ, ಬಿದಿರು ಮತ್ತು ಮರದ ಉಪಕರಣಗಳನ್ನು ತಾವೇ ಮಾಡಿಕೊಂಡು ಗ್ರಹಗಳ ಚಲನೆ ಅಳೆದರು. ಹೆಸರಿನ ಅರ್ಥ ಚಂದ್ರನನ್ನು ತಲೆಯ ಮೇಲೆ ಇಟ್ಟುಕೊಂಡವನು ಎಂದು. ಅಂಥ ಹೆಸರಿನ ಇಬ್ಬರು ಆಕಾಶ ಓದಿದರು ಎಂದಾಗ ಮಕ್ಕಳೆಲ್ಲ ಒಟ್ಟಿಗೆ "ಓ" ಎಂದರು.

ಗೋಕಾಕದ ಸರ್ ಹೇಳಿದ್ದು ನನಗೆ ನಾಟಿತು. ಅದಕ್ಕೇ ಮನೆಗೆಲಸ ಕೊಟ್ಟೆ: ನಿಮ್ಮ ಇನಿಷಿಯಲ್ ಬಿಡಿಸಿ ಬರೆದು ತನ್ನಿ. 34 ಮಕ್ಕಳಲ್ಲಿ 11 ಮಂದಿಗೆ ಅದು ಏನೆಂದೇ ಗೊತ್ತಿರಲಿಲ್ಲ. ಕೆ. ಚಂದ್ರುವೂ ಅವರಲ್ಲಿ ಒಬ್ಬ. ಮಾರನೇ ದಿನ ಬಂದು ಹೇಳಿದ, "ಸರ್, ಕೆ ಅಂದ್ರೆ ಕಾಳಮ್ಮ. ನಮ್ಮಮ್ಮ." ಅಪ್ಪ ಇಲ್ಲದ ಹುಡುಗ. ಶಾಲೆಗೆ ಸೇರಿಸುವಾಗ ತಾಯಿ ತನ್ನ ಹೆಸರನ್ನೇ ಕೊಟ್ಟಿದ್ದಾಳೆ. ದಿನಾ ಹಾಜರಿ ಕೂಗುತ್ತಿದ್ದೇನೆ, ನಾನೂ ಕೇಳಿರಲಿಲ್ಲ.

ಗೋಡೆ ತಯಾರಾಗಿದೆ. ನಡುವೆ ತಾತ ಚಂದ್ರಶೇಖರ ಅಯ್ಯರ್ ಹೆಸರು, ಅದರ ಎರಡು ಕಡೆ ಒಂದೇ ಅಳತೆಯಲ್ಲಿ ಇಬ್ಬರು ಮೊಮ್ಮಕ್ಕಳು. ಕಮಲಾ ಸೊಹೋನಿ ಚಾರ್ಟನ್ನು ಕಮಲಾಳೇ ಬರೆದಿದ್ದಾಳೆ, ರಾಮನ್ ಚಾರ್ಟಿನ ಪಕ್ಕದಲ್ಲೇ ಅಂಟಿಸಬೇಕು ಎಂದು ಹಟ ಹಿಡಿದು ಅಂಟಿಸಿದ್ದಾಳೆ. ಬೌಲರ್ ಚಂದ್ರ ಅವರ ಅದೇ ಫೋಟೋ ಬಾಗಿಲ ಹತ್ತಿರ ಇದೆ. ಅದರ ಕೆಳಗೆ ಎಂ. ಚಂದ್ರು ಆನೆ ಬಿಡಿಸುತ್ತಿದ್ದಾನೆ. ಬಣ್ಣ ಹಚ್ಚೋದು ಇನ್ನೂ ಬಾಕಿ ಇದೆ, ನಾಳೆ ಬೇಗ ಶಾಲೆಗೆ ಬರುತ್ತೇನೆ ಎಂದಿದ್ದಾನೆ.